ಬೆಲ್ಲು ಹೊಡೆದರೆ ಮುಂದಿನ ಚಿತ್ರ

ಜನರನ್ನು ಕತ್ತಲಲ್ಲಿ ಕೂರಿಸಿ, ಹಾಡು ಹಾಕಿ, ಗೋಡೆಯ ಮೇಲೆ ಚಿತ್ರ ತೋರಿಸುತ್ತೇನೆ ಅಂತ ಹೊರಟವನ ಮಾನ ಕಳೆಯುವುದಕ್ಕೆ ಶತ್ರುಗಳು ಬೇಕಾಗಿಲ್ಲ. ಅದು ತಾನಾಗಿಯೇ ಹೋಗುತ್ತದೆ. ಹೋದದ್ದು ಹೋಯಿತಲ್ಲ ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಇನ್ನೂ ಸ್ವಲ್ಪ ಉಳಿದಿತ್ತು ಅಂತ ತೋರಿಸಿಕೊಟ್ಟು ಮುಂದಿನ ವಾರ ಮತ್ತೆ ಹೋಗುತ್ತದೆ. ನನ್ನದು ಚಾಂಪಿಯನ್ ರೀಫ್ಸಿನಲ್ಲಿ ಹೋಯಿತು, ಮೈಸೂರು ಮೈನ್ಸಿನಲ್ಲಿ ಹೋಯಿತು, ಕೊನೆಗೆ ರೈಲು ಹತ್ತಿ ಬಂಗಾರಪೇಟೆಗೂ ಹೋಗಿ ಕಳೆದುಕೊಂಡು ಬಂದೆ. ಈಗ ಪೆನ್ಶನ್ ತಗೊಂಡು ಜಗಲಿಯ ಮೇಲೆ ಕೂತು ನೆನೆಸಿಕೊಂಡರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ, ನಗುವೂ ಬರುತ್ತದೆ. ಎರಡೂ ಒಟ್ಟಿಗೆ ಬರುವುದರಿಂದ ಕೆಮ್ಮು ಹತ್ತಿಕೊಳ್ಳುತ್ತದೆ.

೧. ದೊರೆ ಬಿಟ್ಟುಹೋದ ದೀಪ

ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದು, ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಕಾಲ. ನಾನು ಬೇತಮಂಗಲದ ಕಡೆಯ ಹಳ್ಳಿಯವನು. ಬೆಂಗಳೂರಿನಲ್ಲಿ ಬಿಎಸ್ಸಿ ಮುಗಿಸಿ, ಅದಿರಿನಲ್ಲಿ ಚಿನ್ನ ಎಷ್ಟಿದೆ ಅಂತ ಪರೀಕ್ಷೆ ಮಾಡುವ ಗಣಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ದೊರೆ ಹೊರಡುವಾಗ ನಾಯಿಯನ್ನು ಬಟ್ಲರನಿಗೆ ಕೊಟ್ಟ. ನನಗೆ ಒಂದು ಸ್ಲೈಡ್ ಲಾಂದ್ರ ಮತ್ತು ಕೀ ಕೊಡುವ ಗ್ರಾಮೊಫೋನು ಕೊಟ್ಟ. ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಬೀಡಿ, ಹಲ್ಲುಪುಡಿಗಳ ಜಾಹೀರಾತು ತೋರಿಸುತ್ತಿದ್ದರಲ್ಲ, ಅಂಥ ಗಾಜಿನ ಸ್ಲೈಡು ಹಾಕುವ ಲಾಂದ್ರ. ಒಳಗೆ ಕರೆಂಟಿನ ಬಲ್ಬು, ಮುಂದೆ ದಪ್ಪ ಮಸೂರ.

ಅದು ಕೈಗೆ ಬಂದದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಡಬ್ಬಿ ಕ್ಯಾಮರಾದಲ್ಲಿ ಫೋಟೋ ತೆಗೆಯುವುದು, ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಅದನ್ನು ಗಾಜಿಗೆ ಇಳಿಸುವುದು, ಗ್ರಾಮೊಫೋನಿನ ಪ್ಲೇಟು ಹಾಕಿ ಹಾಡಿನ ಪಲ್ಲವಿಗೆ ಒಂದು ಚಿತ್ರ, ಚರಣಕ್ಕೆ ಇನ್ನೊಂದು ಅಂತ ಜೋಡಿಸುವುದು. ಸ್ವರ ಏರುವಾಗ ಗೋಪುರ, ಇಳಿಯುವಾಗ ಕೆರೆ. ಇದಕ್ಕೆಲ್ಲ ಸಮಯ ಕೂಡಿಬರಬೇಕು. ನಾನು ಪರದೆಯ ಪಕ್ಕ ನಿಂತು ವಿವರಣೆ ಹೇಳುತ್ತ ಗ್ರಾಮೊಫೋನು ನೋಡಿಕೊಳ್ಳಬೇಕು. ಜನರ ಹಿಂದೆ, ದೂರದಲ್ಲಿ ಲಾಂದ್ರದ ಹತ್ತಿರ ಇನ್ನೊಬ್ಬರು ನಿಂತು ಸ್ಲೈಡು ಬದಲಾಯಿಸಬೇಕು. ಆ ಇನ್ನೊಬ್ಬರೇ ಡ್ರೈವರಣ್ಣ.

ಡ್ರೈವರಣ್ಣ ಅಂದರೆ ಬಸ್ಸಿನ ಡ್ರೈವರಲ್ಲ. ನೆಲದ ಕೆಳಗೆ ಹೋಗುವ ಕೆಲಸಗಾರರನ್ನು ಕೇಜೆನ್ನುವ ಕಬ್ಬಿಣದ ಗೂಡಿನಲ್ಲಿ ಕೂರಿಸಿ ಶಾಫ್ಟಿನ ಆಳದ ಬಾವಿಯೊಳಕ್ಕೆ ಇಳಿಸಿ ಎತ್ತುವ ದೊಡ್ಡ ಇಂಜಿನ್ನಿನ ಡ್ರೈವರು. ಚಾಂಪಿಯನ್ ರೀಫ್ಸಿನ ಕೆಲಸಗಾರರ ಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆ. ಇಂಜಿನ್ನಿನ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಮೀಸೆ ಪೂರ್ತಿ ಇತ್ತು. ಕೆಳಗಿನಿಂದ ಬೆಲ್ಲು ಬಂದರೆ ಇಂಜಿನ್ನು ಮುಟ್ಟಬೇಕು, ಬರದಿದ್ದರೆ ಸುಮ್ಮನೆ ಕೂರಬೇಕು. ಅದೇ ಅವರ ಧರ್ಮ.

"ನೀನು ಸನ್ನೆ ಗಿನ್ನೆ ಮಾಡಿದ್ರೆ ಆಗಲ್ಲ ತಮ್ಮಾ" ಅಂದರು. "ಬೆಲ್ಲು ಒಡಿ, ಎಳೀತೀನಿ. ಬಾಯಲ್ಲಿ ಏಳಿದ್ರೆ ನಮ್ಮಪ್ಪ ಎದ್ದು ಬಂದ್ರೂ ಎಳಿಯಲ್ಲ."

"ಇದು ಶಾಫ್ಟಲ್ಲ ಅಣ್ಣಾ, ಚಿತ್ರ."

"ಎಲ್ಲಾ ಒಂದೇ. ನೋಡು, ಗಾಜು ಕೂರಿಸೋ ಈ ಪಟ್ಟಿಗೆ ಎರಡು ಗೂಡು. ಒಂದು ದೀಪದ ಮುಂದೆ ಬಂದ್ರೆ ಇನ್ನೊಂದು ಈಚೆ ಬತ್ತದೆ. ಒಂದು ಇಳಿದ್ರೆ ಇನ್ನೊಂದು ಏರೋ ನಮ್ಮ ಕೇಜ್ ಇದ್ದಂಗೇ ಅಲ್ವಾ?"

ಇತ್ತು, ಏನು ಮಾಡುವುದು. ಬಂಗಾರಪೇಟೆ ಸಂತೆಯಿಂದ ದನದ ಕೊರಳಿಗೆ ಕಟ್ಟುವ ಒಂದು ಕಂಚಿನ ಗಂಟೆ ತಂದೆ. ಕಟ್ಟಳೆ ಹಾಕಿಕೊಂಡೆವು: ಒಂದು ಬೆಲ್ಲು, ಮುಂದಿನ ಚಿತ್ರ. ಎರಡು ಬೆಲ್ಲು, ಹಿಂದಿನ ಚಿತ್ರ. ಮೂರು ಬೆಲ್ಲು, ದೀಪ ಆರಿಸು.

ಮೊದಲ ಪ್ರದರ್ಶನ ನಮ್ಮ ಲೈನಿನ ಬೀದಿಯಲ್ಲೇ. ಪರದೆಗೆ ನನ್ನ ಬಿಳಿ ಪಂಚೆ. ಚಿತ್ರ ಬೆಳ್ಳಗೆ ಕಾಣಲಿ ಅಂತ ಅದನ್ನು ನೀರಿನಲ್ಲಿ ಅದ್ದಿ ಕಟ್ಟಿದ್ದೆ. ನಾದಸ್ವರದ ಪ್ಲೇಟು ಹಾಕಿ, "ನಮ್ಮ ಲೈನಿನ ಹಿರಿಯರು, ಮೇಸ್ತ್ರಿಗಳು!" ಅಂತ ಘೋಷಿಸಿ ಬೆಲ್ಲು ಹೊಡೆದೆ. ಲಾಂದ್ರದಲ್ಲಿ ಸ್ಲೈಡನ್ನು ತಲೆಕೆಳಗೆ ಹಾಕಿದರೆ ಪರದೆಯ ಮೇಲೆ ನೆಟ್ಟಗೆ ಬರುತ್ತದೆ ಅನ್ನುವ ಪಾಠ ನಾನು ಕಾಲೇಜಿನಲ್ಲಿ ಓದಿ, ಪಾಸಾಗಿ, ಮರೆತಿದ್ದೆ. ಪೇಟ, ಶಾಲು, ಬೂಟುಗಳ ಸಮೇತ ಮೇಸ್ತ್ರಿಗಳು ತಲೆ ಕೆಳಗೆ ಮಾಡಿ ಕಾಣಿಸಿಕೊಂಡರು. ನಾನು ಗಾಬರಿಯಲ್ಲಿ ಕೂಗಿದೆ, "ಡ್ರೈವರಣ್ಣಾ, ತಿರುಗಿಸಿ!" ಅಲ್ಲಿಂದ ಉತ್ತರ ಬಂತು: "ತಿರುಗ್ಸಾಕೆ ಯಾವ ಬೆಲ್ಲೂ ಇಲ್ಲ ತಮ್ಮಾ."

ಪ್ಲೇಟು ಮುಗಿಯುವವರೆಗೂ ಮೇಸ್ತ್ರಿಗಳು ಹಾಗೇ ಇದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಕತ್ತು ಪೂರ್ತಿ ಹೊರಳಿಸಿ ನೋಡಿ, "ಇಂಗೇ ಚೆನ್ನಾಗವ್ರೆ ಬಿಡಪ್ಪ, ಜೋಬಿನಾಗೆ ಇರೋದಾದ್ರೂ ಕೆಳಕ್ಕೆ ಬೀಳ್ತದೆ" ಅಂದರು.

೨. ಎಡಗೈ ಊಟ

ನನಗೆ ಮಾನದ ಚಿಂತೆ ಅಷ್ಟಾಗಿ ಯಾಕಿತ್ತು ಅಂತ ಹೇಳಿಬಿಡಬೇಕು. ಬಂಗಾರಪೇಟೆಯ ಹತ್ತಿರ, ಹಸು ಕಟ್ಟಿ ಹಾಲು ಹಾಕುವ ಒಂದು ರೈತರ ಮನೆಯಲ್ಲಿ ನನಗೆ ಹೆಣ್ಣು ಕೇಳಿದ್ದರು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು. ಬೇತಮಂಗಲದ ಒಂದು ಮದುವೆಯಲ್ಲಿ ನಾನು ಆಕೆಯನ್ನು ನೋಡಿದ್ದೆ. ಎಲೆಗೆ ಕೋಸಂಬರಿ ಬಡಿಸುತ್ತ ಬಂದಳು. ನಾನು ಸಾಕು ಅನ್ನುವುದನ್ನು ಮರೆತು ಕೂತದ್ದರಿಂದ ಎಲೆಯ ಮೇಲೆ ಗುಡ್ಡ ಎದ್ದಿತು. ಅವತ್ತೇ ನಿಶ್ಚಯ ಮಾಡಿಕೊಂಡಿದ್ದೆ, ಮದುವೆ ಅಂತ ಆದರೆ ಇವಳನ್ನೇ.

ನನ್ನ ಸೋದರಮಾವ ಹೋಗಿ ಕೇಳಿದಾಗ ಹುಡುಗಿಯ ಅಪ್ಪ ಆಗಲಿ ಅನ್ನುವ ಹಾಗಿದ್ದರು. ಆದರೆ ಆ ಮನೆಯಲ್ಲಿ ಆಗಲಿ ಅನ್ನಬೇಕಾದವರು ಅಜ್ಜಿ. ನನ್ನ ಫೋಟೋ ಕಳಿಸಿದ್ದೆವು: ಕೋಟು ತೊಟ್ಟು, ಮೋಟರ್ ಬೈಕಿನ ಮೇಲೆ ಕೂತು, ಗದ್ದ ಎತ್ತಿ, ದೂರದ ಯಾವುದೋ ಉಜ್ವಲ ಭವಿಷ್ಯವನ್ನು ನೋಡುತ್ತಿರುವ ಭಂಗಿ. ಕೋಟು ದೊರೆಯದು, ಬೈಕು ದೊರೆಯದು, ಹಿಂದಿನ ಬಂಗಲೆಯೂ ದೊರೆಯದೇ. ಇವೆಲ್ಲ ನನ್ನವು ಅಂತ ನಾನು ಎಲ್ಲೂ ಹೇಳಿರಲಿಲ್ಲ. ಫೋಟೋ ಹೇಳಿತ್ತು.

ಅಜ್ಜಿ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಅಂದರಂತೆ: "ಕೋಟು ಕಾಣ್ತದೆ, ಗಾಡಿ ಕಾಣ್ತದೆ. ಮನುಷ್ಯ ಎಂಥೋನು ಅನ್ನೋದು ಕಾಣಲ್ಲ. ನೋಡಾನ."

ಆ "ನೋಡಾನ" ತಿಂಗಳುಗಟ್ಟಲೆ ಎಳೆಯಿತು. ನೋಡುವುದಕ್ಕೆ ಅವರು ನೇಮಿಸಿದ್ದು ಹುಡುಗಿಯ ಚಿಕ್ಕಪ್ಪನನ್ನು. ಅವರದು ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ, ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಹೋಗುವವರು. ಪ್ರದರ್ಶನ ಇದೆ ಅಂತ ಗೊತ್ತಾದರೆ ಕೊನೆಯ ರೈಲಿಗೆ ನಿಲ್ಲುತ್ತಿದ್ದರು. ಹಿಂದಿನ ಸಾಲಿನಲ್ಲಿ ಟಿಫಿನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ನಗದೆ, ಕೆಮ್ಮದೆ, ಎಲ್ಲ ನೋಡಿಕೊಂಡು ಹೋಗುತ್ತಿದ್ದರು. ನನ್ನ ಒಂದೊಂದು ಅವಮಾನವೂ ಅವತ್ತೇ ರೈಲು ಹತ್ತುತ್ತಿತ್ತು.

ಮೈಸೂರು ಮೈನ್ಸಿನ ಒಂದು ಮದುವೆಯ ಫೋಟೋಗಳನ್ನು ನಾನೇ ತೆಗೆದು ಸ್ಲೈಡು ಮಾಡಿದ್ದೆ. ಮದುವೆಯಾದ ಮೇಲೆ ಎರಡೂ ಕಡೆಯ ಬೀಗರು ಸೇರಿದ್ದ ದಿನ ಬಯಲಿನಲ್ಲಿ ಪಂಚೆ ಕಟ್ಟಿ ತೋರಿಸಿದೆ. ಈ ಸಲ ತಲೆಕೆಳಗಾಗಬಾರದು ಅಂತ ಒಂದೊಂದು ಗಾಜನ್ನೂ ನಾನೇ ಪರೀಕ್ಷಿಸಿ ಕೊಟ್ಟಿದ್ದೆ. ತಲೆ ಮೇಲೆ, ಕಾಲು ಕೆಳಗೆ, ಎಲ್ಲ ಸರಿ. ಊಟದ ಪಂಕ್ತಿಯ ಚಿತ್ರ ಬಂತು. ಗ್ರಾಮೊಫೋನಿನಲ್ಲಿ ವೀಣೆ. ಜನ ಕತ್ತು ಚಾಚಿ ನೋಡಿದರು. ಆಮೇಲೆ ಹೆಣ್ಣಿನ ಕಡೆಯ ಒಬ್ಬ ಯಜಮಾನರು ಎದ್ದು ನಿಂತರು.

"ಇದೇನಯ್ಯಾ! ಗಂಡಿನ ಕಡೆಯೋರು ಎಡಗೈಯಲ್ಲಿ ಉಣ್ತಾವ್ರೆ!"

ಗಾಜಿನ ಮುಂಭಾಗ ಹಿಂಭಾಗ ಅದಲುಬದಲಾಗಿತ್ತು. ಪಂಕ್ತಿಗೆ ಪಂಕ್ತಿಯೇ, ಹಿರಿಯರು ಕಿರಿಯರು ಪುರೋಹಿತರ ಸಮೇತ, ಎಡಗೈಯಲ್ಲಿ ಪಾಯಸ ಸುರಿಯುತ್ತಿತ್ತು.

"ನಮ್ಮೋರು ಎಡಗೈಯಲ್ಲಿ ಉಣ್ಣಲ್ಲ!" ಅಂತ ಗಂಡಿನ ಕಡೆಯವರು ಎದ್ದರು.

"ಮತ್ತೆ ಕಣ್ಣಿಗೆ ಕಾಣ್ತಾ ಐತಲ್ಲಾ!"

ನಾನು ಬೆಳಕಿನ ಕಿರಣಗಳ ಬಗ್ಗೆ ಎರಡು ಮಾತು ವಿಜ್ಞಾನ ಹೇಳಹೊರಟೆ. "ಕಿರಣಕ್ಕೇನು ಗೊತ್ತು ನಮ್ಮ ಮನೆತನ" ಅಂತ ಯಾರೋ ಗದರಿಸಿದರು. ಕೈಕೈ ಮಿಲಾಯಿಸುವ ಹೊತ್ತಿಗೆ ಡ್ರೈವರಣ್ಣ ಲಾಂದ್ರದ ಪಕ್ಕದಿಂದ ಕೂಗಿದರು: "ಯಾಕ್ ಒಡದಾಡ್ತೀರಿ? ಒದ್ದೆ ಪಂಚೆ, ಆಚೆ ಕಡೇಗೂ ಕಾಣ್ತದೆ. ಗಂಡಿನ ಕಡೆಯೋರು ಇಂದುಗಡೆ ಓಗಿ ಕೂತ್ಕಳಿ. ಅಲ್ಲಿಂದ ಎಲ್ರೂ ಬಲಗೈ."

ಹಾಗೇ ಆಯಿತು. ಬೀಗರು ಪಂಚೆಯ ಈಚೆಗೊಂದು ಪಕ್ಷ, ಆಚೆಗೊಂದು ಪಕ್ಷ ಕೂತು ಅದೇ ಊಟವನ್ನು ನೋಡಿದರು. ಸಂಧಾನವಾಯಿತು ಅಂತ ಉಸಿರು ಬಿಟ್ಟೆ. ಮುಂದಿನ ಚಿತ್ರ, ಹೆಣ್ಣಿನ ಕಡೆಯವರ ಪಂಕ್ತಿ, ಬಂತು. ಅದನ್ನು ಸರಿಯಾಗಿ ಹಾಕಿದ್ದೆ. ಪಂಚೆಯ ಹಿಂದಿನಿಂದ ಒಂದು ಕೂಗು ಎದ್ದಿತು: "ಈಗ ನೀವು ಉಣ್ತಾ ಇದೀರಲ್ರೀ, ಎಡಗೈಯಲ್ಲಿ!"

೩. ಬಸವಣ್ಣ

ಗಣಿಯ ನೆಲ ಆಗಾಗ ಅದುರುತ್ತದೆ. ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಪಾತ್ರೆಗಳು ಗಲಗಲ ಅನ್ನುತ್ತವೆ, ಗೋಡೆಯ ಸುಣ್ಣ ಉದುರುತ್ತದೆ. ಚಾಂಪಿಯನ್ ರೀಫ್ಸಿನವರಿಗೆ ಅದು ಲೆಕ್ಕವಿಲ್ಲ. ಬೇತಮಂಗಲದ ನೆಲ ಮಾತ್ರ ಹಾಗೆಲ್ಲ ಅದುರುವುದಿಲ್ಲ. ನಾನು ಆ ನೆಲದವನು.

ಶಿವರಾತ್ರಿಗೆ ದೇವರ ಚಿತ್ರಗಳು. ಪರದೆಯ ಮೇಲೆ ಈಶ್ವರ, ಕೈಲಾಸದಲ್ಲಿ ಕೂತಿರುವಂಥದ್ದು. ಗ್ರಾಮೊಫೋನಿನಲ್ಲಿ ಓಂಕಾರದ ಭಜನೆ. ನಾನು ಬೆತ್ತದಿಂದ ತೋರಿಸುತ್ತ, ಶಿವನ ನಿರ್ಭಯ ಗುಣದ ಬಗ್ಗೆ ಸಾಕಷ್ಟು ಉದ್ದವಾಗಿಯೇ ಹೇಳುತ್ತಿದ್ದೆ. ಆಗ ನೆಲ ಢಂ ಅಂತು.

ಮುಳ್ಳು ಪ್ಲೇಟಿನಿಂದ ಹಾರಿತು. ನಾನು ಅದಕ್ಕಿಂತ ಮುಂಚೆ ಹಾರಿದ್ದೆ. ಎಲ್ಲಿಗೆ ಅಂತ ಗೊತ್ತಿಲ್ಲ. ಅರಿವು ಬರುವಷ್ಟರಲ್ಲಿ ನೆಲದ ಮೇಲೆ ನಾಲ್ಕು ಕಾಲಿನಲ್ಲಿದ್ದೆ, ಮೇಜಿನ ಕೆಳಗೆ ನುಗ್ಗುವ ಪ್ರಯತ್ನದಲ್ಲಿ. ಬಾಯಿ ಮಾತ್ರ "ಯಾರೂ ಹೆದರಬೇಡಿ, ಯಾರೂ ಹೆದರಬೇಡಿ" ಅಂತಿತ್ತು. ಹೆದರಿದವರು ಯಾರೂ ಇರಲಿಲ್ಲ. ಪಕ್ಕದ ಒಬ್ಬ ತಮಿಳಿನ ತಾತ, "ಉಕ್ಕಾರುಂಗ ಸಾರ್" ಅಂತ ನನ್ನನ್ನೇ ಕೂರಿಸಲು ನೋಡಿದ.

ಆದರೆ ದೀಪ ಆರಿರಲಿಲ್ಲ. ಬೆಲ್ಲು ಬಂದಿರಲಿಲ್ಲವಲ್ಲ. ನಾನು ಬೆಳಕಿಗೆ ಅಡ್ಡ ಬಿದ್ದಿದ್ದೆ. ಪರದೆಯ ಮೇಲೆ ಈಶ್ವರ ಹಾಗೇ ಕೂತಿದ್ದ. ಅವನ ಕಾಲ ಬಳಿ, ನಾಲ್ಕು ಕಾಲಿನ ಮೇಲೆ ನಿಂತು ಕತ್ತು ಅತ್ತಿತ್ತ ಆಡಿಸುವ ಒಂದು ದೊಡ್ಡ ಕಪ್ಪು ಆಕಾರ.

"ಬಸವಣ್ಣ! ಬಸವಣ್ಣ ಬಂದ!" ಅಂತ ಮಕ್ಕಳು ಚಪ್ಪಾಳೆ ಹೊಡೆದವು. ಮುಂದಿನ ಸಾಲಿನ ಒಬ್ಬ ಮುದುಕಿ ಎದ್ದು ಬಂದು, ನೆರಳಿಗೆ ಕೈ ಮುಗಿದು, ನೆರಳು ಯಾರದು ಅಂತ ತಿರುಗಿ ನೋಡಿ, ಮುಗಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಚಿಕ್ಕಪ್ಪ ಅವತ್ತೂ ಇದ್ದರು. ಮಾರನೆಯ ದಿನ ವರ್ಕ್‌ಶಾಪಿನ ಹತ್ತಿರ ಸಿಕ್ಕಾಗ ನಾನು ನಾಚಿಕೆ ಬಿಟ್ಟು ಕೇಳಿದೆ, "ಮನೆಯಲ್ಲಿ... ಏನಂದರು?"

"ನಾನು ಇದ್ದಿದ್ದು ಇದ್ದಂಗೆ ಏಳಿದೆ. ನೆಲ ಅದುರ್ತು, ಹುಡುಗ ಬಸವಣ್ಣ ಆದ ಅಂತ. ನಮ್ಮವ್ವ ಒಂದೇ ಮಾತು ಕೇಳ್ತು."

"ಏನು?"

"'ಹಾಯ್ತಾನೇನೋ?' ಅಂತು."

೪. ಇದ್ದವರಿಗೆ ಅಳು

ನಮ್ಮ ಲ್ಯಾಬಿನ ಹೆಡ್ ಕ್ಲಾರ್ಕು ನಿವೃತ್ತರಾದರು. ಮಧ್ಯಾಹ್ನದ ಸಮಾರಂಭದಲ್ಲಿ ಸೇವಂತಿಗೆ ಹಾರ ಹಾಕಿದಾಗ ನಾನು ಒಂದು ಫೋಟೋ ತೆಗೆದು, ಓಡಿಹೋಗಿ ಗಾಜಿಗಿಳಿಸಿ, ಸಂಜೆಯ ಪ್ರದರ್ಶನಕ್ಕೆ ಒದಗಿಸಿಬಿಟ್ಟೆ. ಅಷ್ಟು ಬೇಗ ಯಾರೂ ಮಾಡಿದ್ದಿಲ್ಲ. ಆ ಆತುರದಲ್ಲಿ ಗ್ರಾಮೊಫೋನಿಗೆ ಪೂರ್ತಿ ಕೀ ಕೊಡುವುದನ್ನು ಮರೆತೆ.

ಸಮಾರಂಭದ ಹಾಲ್‌ನಲ್ಲಿ ಕತ್ತಲು. ಪರದೆಯ ಮೇಲೆ ಹಾರ ಹಾಕಿದ ಹೆಡ್ ಕ್ಲಾರ್ಕರ ಮುಖ, ಆಳೆತ್ತರ. ಮಂಗಳಕರವಾಗಿರಲಿ ಅಂತ ಹಾಕಿದ್ದ ಅದೇ ನಾದಸ್ವರದ ಪ್ಲೇಟು, ಕೀ ಸಾಲದೆ, ಸುಸ್ತಾಗಿ, ಇಳಿಯುತ್ತ ಇಳಿಯುತ್ತ ಹೋಯಿತು. ನಾದಸ್ವರ ಹೋಗಿ ಯಾರೋ ಹೊಟ್ಟೆ ಹಿಡಿದುಕೊಂಡು ನರಳುವ ಸ್ವರ ಬಂತು. ಅದೇ ಹೊತ್ತಿಗೆ ಬೇತಮಂಗಲದ ಬಸ್ಸಿನಲ್ಲಿ ತಡವಾಗಿ ಬಂದಿಳಿದ ಅವರ ತಂಗಿ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು. ಕತ್ತಲು, ಸಾಲಾಗಿ ಮೌನವಾಗಿ ಕೂತ ಜನ, ಹಾರ ಹಾಕಿದ ಅಣ್ಣನ ಫೋಟೋ, ಆ ನರಳಾಟ. ಇನ್ನೇನು ತಿಳಿಯಬೇಕು ಹೇಳಿ.

"ಅಣ್ಣಾ! ಓಗ್ಬುಟ್ಯೇನಣ್ಣಾ! ಬೆಳಿಗ್ಗೆ ಕಾಗದ ಬಂದಾಗ ಚೆನ್ನಾಗೇ ಇದ್ಯಲ್ಲಣ್ಣಾ!" ಅಂತ ಎದೆ ಬಡಿದುಕೊಂಡು ನೆಲಕ್ಕೆ ಕುಸಿದರು.

ಆ ಅಳುವಿಗೆ ಹಾಲ್‌ನಲ್ಲಿದ್ದ ಹೆಂಗಸರು ಕಾರಣ ಕೇಳದೆ ಅತ್ತರು. ಗಂಡಸರು ಪಂಚೆಯ ತುದಿಗೆ ಮೂಗು ಒರೆಸಿಕೊಂಡರು. ನಾನು ಮೂರು ಬೆಲ್ಲು ಹೊಡೆದೆ. ಡ್ರೈವರಣ್ಣ ದೀಪ ಆರಿಸಿದರು, ಕತ್ತಲು ಇನ್ನೂ ಗಾಢವಾಯಿತು, ಅಳು ಇನ್ನೂ ಜೋರಾಯಿತು. ಯಾರೋ ಗೋಡೆಯ ದೀಪದ ಗುಂಡಿ ಹುಡುಕಿ ಒತ್ತಿದರು. ನೋಡಿದರೆ ಹೆಡ್ ಕ್ಲಾರ್ಕು ಮುಂದಿನ ಕುರ್ಚಿಯಿಂದ ಎದ್ದು ಬಂದು, ತಂಗಿಯ ಪಕ್ಕ ನೆಲದ ಮೇಲೆ ಕೂತು, ಬೆನ್ನು ಸವರುತ್ತ, ತಾವೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಅಳಬೇಡ ಕಣವ್ವ. ಎಂಥಾ ಒಳ್ಳೆ ಮನುಷ್ಯ!"

ಚಿಕ್ಕಪ್ಪ ಹೊರಗೆ ಹೋಗಿ ಟಿಫಿನ್ ಕ್ಯಾರಿಯರ್ ಕೆಳಗಿಟ್ಟು, ಗೋಡೆಗೆ ಒರಗಿ ನಿಂತಿದ್ದರು. ಮೈ ಅದುರುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಕೇಳುವ ಧೈರ್ಯ ಬರಲಿಲ್ಲ. ಎರಡು ದಿನದ ಮೇಲೆ ಬಂಗಾರಪೇಟೆಯಿಂದ ಅಜ್ಜಿಯ ಅಪ್ಪಣೆ ಹೊತ್ತು ಅವರೇ ಬಂದರು.

"ನಮ್ಮವ್ವ ಏಳ್ತು: 'ಇನ್ನು ನೀನು ಏಳಿದ್ದು ಸಾಕು ಕಣ್ಲಾ. ಆ ಹುಡುಗಂಗೆ ಲಾಂದ್ರ ತಗಂಡು ನಮ್ಮನೆಗೇ ಬರಾಕೇಳು. ಕಣ್ಣಲ್ಲೇ ನೋಡ್ಬುಟ್ಟು ಹೂಂ ಅಂತೀನೋ ಊಹೂಂ ಅಂತೀನೋ, ಅವತ್ತೇ ಏಳ್ಬುಡ್ತೀನಿ.'"

೫. ಗೌರಿ

ಇನ್ನೊಂದು ಪಂಚಾಯಿತಿ ಇಲ್ಲ, ಇದೇ ಕಡೆಯದು ಅಂತ ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಚಿಕ್ಕಪ್ಪ ಪಾಪ, ಮನಸ್ಸಿನಲ್ಲಿ ನನ್ನ ಕಡೆಗಿದ್ದರೋ ಏನೋ, ಒಂದು ಭಾನುವಾರ ಗುಟ್ಟಾಗಿ ನನ್ನನ್ನು ಅವರ ತೋಟಕ್ಕೆ ಕರೆದುಕೊಂಡು ಹೋಗಿ, ಮೇಯುತ್ತಿದ್ದ ಹಸುಗಳನ್ನು ತೋರಿಸಿದರು. "ಇದು ಗೌರಿ. ನಮ್ಮವ್ವಂಗೆ ನಮ್ಮೆಲ್ರಿಗಿಂತ ಇದೇ ಎಚ್ಚು. ಇದರ ಪಟ ತೋರ್ಸು, ಗೆದ್ದೆ."

ಗೌರಿಯ ಚಿತ್ರ ಸೊಗಸಾಗಿ ಬಂತು. ಬೇತಮಂಗಲದ ಕೆರೆ, ಶಾಫ್ಟಿನ ಮೇಲಿನ ಗಾಲಿಗಳು, ಬಂಗಾರಪೇಟೆಯ ಸ್ಟೇಷನ್ನು, ಕೊನೆಗೆ ಗೌರಿ, ಆಮೇಲೆ ನನ್ನ ಕೈಬರಹದಲ್ಲಿ "ನಮಸ್ಕಾರ" ಅನ್ನುವ ಗಾಜು. ತಲೆ ಮೇಲೆ, ಬಲಗೈ ಬಲಕ್ಕೆ, ಎಲ್ಲ ಎರಡೆರಡು ಸಲ ನೋಡಿದೆ. ಗ್ರಾಮೊಫೋನಿಗೆ ಕೀ ಬಿಗಿದು ಬಿಗಿದು ಕೈ ನೋವು ಬಂತು. ಇನ್ನು ತಪ್ಪುವುದಕ್ಕೆ ಏನೂ ಉಳಿದಿಲ್ಲ ಅಂದುಕೊಂಡೆ.

ಸ್ಲೈಡಿನ ಪೆಟ್ಟಿಗೆಯನ್ನು ಕಟ್ಟಿದ್ದು ಡ್ರೈವರಣ್ಣ. ಅರ್ಧ ಪೆಟ್ಟಿಗೆ ಖಾಲಿ ಇತ್ತು. ರೈಲಿನಲ್ಲಿ ಗಾಜು ಅಲ್ಲಾಡಿ ಒಡೆದೀತು ಅಂತ, ನಮ್ಮ ಮನೆಯ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಗಾಜುಗಳನ್ನು ತಂದು ಹಿಂದುಗಡೆ ತುಂಬಿದ್ದರು. ನನಗೆ ಹೇಳಿರಲಿಲ್ಲ. ಆ ಹಳೆಯ ಗಾಜುಗಳು ಯಾವುವು ಅಂದರೆ, ನಾನು ಸ್ಲೈಡು ಮಾಡುವುದನ್ನು ಕಲಿಯುವಾಗ ಮಾಡಿದ್ದವು. ದೊರೆ ಊರಿನಲ್ಲಿಲ್ಲದಾಗ, ಬಟ್ಲರನಿಗೂ ಹೇಳದೆ, ಬಂಗಲೆಯಲ್ಲಿ ನನ್ನ ಫೋಟೋ ತೆಗೆದ ದಿನದ ರೀಲು. ಅವತ್ತು ಕ್ಯಾಮರಾ ಡ್ರೈವರಣ್ಣನ ಕೈಲಿತ್ತು. ರೀಲು ಮುಗಿಯುವವರೆಗೂ ಒತ್ತುತ್ತಲೇ ಇರಬೇಕು ಅಂತ ಅವರು ತಿಳಿದುಕೊಂಡಿದ್ದರು.

ದೀಪ ಹಚ್ಚುವ ಹೊತ್ತಿಗೆ ಅವರ ಅಂಗಳ ತುಂಬಿತ್ತು. ಸುಣ್ಣ ಹೊಡೆದ ಗೋಡೆಯೇ ಪರದೆ. ಲಾಂದ್ರ ಇಟ್ಟು ಕರೆಂಟಿನ ತಂತಿ ಎಳೆದುಕೊಳ್ಳಲು ಜಾಗ ಸಿಕ್ಕಿದ್ದು ಅಂಗಳದ ಹಿಂದಿನ ಕೊಟ್ಟಿಗೆಯ ಬಾಗಿಲಲ್ಲಿ. ಮುಂದೆ ಚಾಪೆಯ ಮೇಲೆ ಅಜ್ಜಿ, ಪಕ್ಕದಲ್ಲಿ ಹುಡುಗಿಯ ಅಪ್ಪ, ಚಿಕ್ಕಪ್ಪ. ನಡುಮನೆಯ ಬಾಗಿಲ ಹಿಂದೆ ಬಳೆಯ ಸದ್ದು. ಅದು ಯಾರದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಗ್ರಾಮೊಫೋನಿಗೆ ಇನ್ನೆರಡು ಸುತ್ತು ಕೀ ಕೊಟ್ಟೆ.

ಕೆರೆ ಬಂತು. "ಅಗೋ, ಬೇತಮಂಗಲದ ಕೆರೆ" ಅಂದರು ಯಾರೋ. ಸ್ಟೇಷನ್ನು ಬಂತು. ಎಲ್ಲ ಸರಾಗ. ನಾದಸ್ವರ ಸ್ವಲ್ಪ ಅವಸರದಲ್ಲೇ ಇತ್ತು, ಕೀ ಹೆಚ್ಚಾಗಿ. ಬೆಲ್ಲು ಹೊಡೆದೆ. ಗೋಡೆಯ ತುಂಬ ಗೌರಿ ಬಂದು ನಿಂತಿತು.

ಅಜ್ಜಿ ಎದ್ದೇಬಿಟ್ಟರು. "ಅಯ್ಯೋ ನಮ್ಮ ಗೌರಿ! ಲೇ ಗೌರೀ! ನೋಡೇ, ಗೋಡೆ ಮ್ಯಾಲೆ ಇದೀಯಾ!"

ನಿಜವಾದ ಗೌರಿ ಕೊಟ್ಟಿಗೆಯಲ್ಲಿ, ಡ್ರೈವರಣ್ಣನ ಬೆನ್ನ ಹಿಂದೆ ಇತ್ತು. ಯಜಮಾನಿ ಕರೆದದ್ದು ಕೇಳಿ ಸಂತೋಷದಿಂದ ಕತ್ತು ಕುಣಿಸಿತು. ಅದರ ಕೊರಳಲ್ಲೂ ಬಂಗಾರಪೇಟೆ ಸಂತೆಯದೇ ಗಂಟೆ.

ಟಣ್.

ಡ್ರೈವರಣ್ಣ ಎಳೆದರು. ನಮಸ್ಕಾರ.

"ಯಾಕಪ್ಪ ತೆಗೆದೆ? ನಮ್ಮ ಗೌರೀನ ತೋರ್ಸು!" ಅಂದರು ಅಜ್ಜಿ. ನಾನು ಎರಡು ಬೆಲ್ಲು ಹೊಡೆದೆ. ಗೌರಿ ಮತ್ತೆ ಗೋಡೆಗೆ ಬಂತು. "ಅಗೋ ಬಂದ್ಲು! ಗೌರೀ! ಬಾರೇ ಗೌರೀ!" ಕೊಟ್ಟಿಗೆಯ ಗೌರಿಗೆ ಈಗ ತಡೆಯಲಾಗಲಿಲ್ಲ. ಹಗ್ಗ ಜಗ್ಗಿ ಕತ್ತು ಒದರತೊಡಗಿತು.

ಟಣ್. ನಮಸ್ಕಾರ.

ಟಣ್. ನಾನು, ಕೋಟಿನಲ್ಲಿ, ಬೈಕಿನ ಮೇಲೆ, ಗದ್ದ ಎತ್ತಿಕೊಂಡು. "ಅಗಳೋ, ಹುಡುಗ!" ಅಂತ ಮೆಚ್ಚುಗೆಯ ಗುಜುಗುಜು. ಹುಡುಗಿಯ ಅಪ್ಪ ನೆಟ್ಟಗೆ ಕೂತರು. ಈ ಗಾಜು ಇಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ, ಇದರ ಹಿಂದೆ ಯಾವುದು ಬರುತ್ತದೆ ಅನ್ನುವುದು ಮಾತ್ರ ನನಗೊಬ್ಬನಿಗೇ ಗೊತ್ತು.

ಟಣ್. ಅದೇ ಕೋಟು, ಹಿಂದುಗಡೆಯಿಂದ. ದೊರೆ ನನ್ನ ಎರಡರಷ್ಟು ಇದ್ದ. ಮಿಕ್ಕಿದ ಬಟ್ಟೆಯನ್ನೆಲ್ಲ ಬೆನ್ನಿಗೆ ಒಟ್ಟುಮಾಡಿ, ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಕತ್ತಿನಿಂದ ಸೊಂಟದವರೆಗೆ ಸಾಲಾಗಿ ಸಿಕ್ಕಿಸಿದ್ದೆವು.

ಟಣ್. ಬೈಕು ಮೇಲೆ, ನಾನು ಕೆಳಗೆ.

ಟಣ್. ದೊರೆಯ ನಾಯಿ, ಅದರ ಬಾಯಲ್ಲಿ ನನ್ನ ಪ್ಯಾಂಟಿನ ಕಾಲು. ಕಾಲಿನೊಳಗೆ ನಾನಿದ್ದೆ.

ಟಣ್. ಬಟ್ಲರ್ ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಿದ್ದಾನೆ. ನಾನು ಎರಡೂ ಚಪ್ಪಲಿಗಳನ್ನು ಎದೆಗವಚಿಕೊಂಡು, ಬಾಯಿ ತೆರೆದು, ಕ್ಯಾಮರಾದ ಮೇಲೇ ಓಡಿ ಬರುತ್ತಿದ್ದೇನೆ.

ನಾನು ಗಂಟೆ ಹಿಡಿದು ಮೂರು ಹೊಡೆದೆ. ಟಣ್ ಟಣ್ ಟಣ್. ದೀಪ ಆರಬೇಕು. ಅದಕ್ಕೆ ಸರಿಯಾಗಿ ಗೌರಿ ತನ್ನದೊಂದು ಸೇರಿಸಿತು: ಟಣ್.

ದೀಪ ಆರಲಿಲ್ಲ. ಚಿತ್ರ ಕದಲಲಿಲ್ಲ.

"ಆರಿಸಿ ಅಣ್ಣಾ!" ಅಂತ ಕಿರುಚಿದೆ.

"ನಾಲ್ಕು ಬೆಲ್ಲು ಬಂದವೆ ತಮ್ಮಾ!" ಅಂದರು ಡ್ರೈವರಣ್ಣ ಗಂಭೀರವಾಗಿ. "ನಾಲ್ಕಕ್ಕೆ ನಮ್ಮಲ್ಲಿ ಏನೂ ಇಲ್ಲ. ಅರ್ಥ ಆಗ್ದೇ ಇರೋ ಬೆಲ್ಲಿಗೆ ನಾನು ಏನೂ ಮುಟ್ಟಲ್ಲ. ಕೆಳಗೆ ಜನ ಇರ್ತಾರೆ!"

ಕೆಳಗೆ ಇದ್ದದ್ದು ನಾನೊಬ್ಬನೇ. ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಚಿತ್ರ ಮುಚ್ಚಲು ನಿಂತೆ. ಬಟ್ಲರ್ ನನ್ನ ಬಿಳಿ ಅಂಗಿಯ ಮೇಲೆ ಬಂದ. ಅವನ ಸೌಟು ಸರಿಯಾಗಿ ನನ್ನ ಮೂಗಿನ ಮೇಲೆ. ಗ್ರಾಮೊಫೋನಿನಲ್ಲಿ ನಾದಸ್ವರ ಆ ಹೊತ್ತಿಗೆ ತಾಳಿ ಕಟ್ಟುವಾಗಿನ ಗಟ್ಟಿಮೇಳಕ್ಕೆ ಬಂದು, ಹೆಚ್ಚಾದ ಕೀಯ ರಭಸದಲ್ಲಿ ಬೆಂಕಿ ಬಿದ್ದವರ ಹಾಗೆ ಊದುತ್ತಿತ್ತು.

ಆಗ ನಡುಮನೆಯ ಬಾಗಿಲ ಹಿಂದಿನಿಂದ ಒಂದು ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಆದರೂ ತಡೆಯಲಾರದೆ, ಬಳೆಗಳ ಸಮೇತ ಹೊರಳಾಡಿದ ನಗು. ಚಿಕ್ಕಪ್ಪ ಅಷ್ಟು ತಿಂಗಳು ನುಂಗಿಟ್ಟುಕೊಂಡಿದ್ದನ್ನೆಲ್ಲ ಒಂದೇ ಸಲ ನಕ್ಕರು. ಇಡೀ ಅಂಗಳ ನಕ್ಕಿತು. ನಾನು ಸೌಟಿನ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಮುಗಿಯಿತು, ಇನ್ನು ಈ ಮನೆಯ ಕೋಸಂಬರಿಯ ಋಣ ಇಲ್ಲ.

ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು, ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಗೋಡೆಯ ಮೇಲಿನ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಆ ಮೊದಲ್ನೇ ಪಟದೋನು ಯಾರೋ ದೊರೆ. ಅವಂಗೆ ನಾನು ಹೆಣ್ಣು ಕೊಡ್ತಿರ್ನಿಲ್ಲ" ಅಂದರು. ಆಮೇಲೆ ಮಗನ ಕಡೆ ತಿರುಗಿದರು. "ಇವ್ನ ನೋಡ್ಲಾ. ಇಂದೆ ಸೌಟು ಬತ್ತಾ ಐತೆ, ಜೀವ ಓಗ್ತಾ ಐತೆ, ಆದ್ರೂ ಚಪ್ಪಲಿ ಬಿಡ್ನಿಲ್ಲ. ಕಾಲಿನ ಚಪ್ಪಲೀನೇ ಇಂಗೆ ಅವಚ್ಕೊಂಡೋನು ಕಟ್ಕೊಂಡೋಳ್ನ ಬಿಟ್ಟಾನಾ? ಹೂಂ ಅಂದುಬುಡು."

ಅಷ್ಟು ಹೇಳಿ, ಕೊಟ್ಟಿಗೆಯ ಕಡೆ ಕೂಗಿದರು, "ಏನಂತೀಯೇ ಗೌರೀ?"

ಟಣ್.

ಡ್ರೈವರಣ್ಣ ಎಳೆದರು. ಗಾಜು ಮುಗಿದಿತ್ತು, ಗೋಡೆ ಬರೀ ಬೆಳ್ಳಗೆ ಹೊಳೆಯಿತು.

ಮದುವೆಯಲ್ಲಿ ಅಜ್ಜಿ ಮೊಮ್ಮಗಳಿಗೆ ಗೌರಿಯ ಕರುವನ್ನೂ, ಗೌರಿಯ ಕೊರಳ ಗಂಟೆಯನ್ನೂ ಕೊಟ್ಟು ಕಳಿಸಿದರು. ಕರು ಬೆಳೆದು, ಹಾಲು ಕೊಟ್ಟು, ಅದರ ಕಾಲವೂ ಆಯಿತು. ಗಂಟೆ ಉಳಿದಿದೆ. ಈಗ ನಮ್ಮ ಮನೆಯವರ ಕೈಗೆಟುಕುವ ಹಾಗೆ, ಅಡಿಗೆಮನೆಯ ಮೊಳೆಗೆ ತೂಗುಬಿದ್ದಿದೆ. ಡ್ರೈವರಣ್ಣ ಬದುಕಿದ್ದಾಗ ಒಂದು ದಿನ ಬಂದು ಆಕೆಗೆ ಪೂರಾ ಕಟ್ಟಳೆ ಹೇಳಿಕೊಟ್ಟು ಹೋದರು, ಪುಣ್ಯಾತ್ಮ. ಜಗಲಿಯಲ್ಲಿ ಬಂದವರ ಹತ್ತಿರ ನಾನು ಒಂದೇ ಕಥೆಯನ್ನು ಎಳೆಯುತ್ತಿದ್ದರೆ ಒಳಗಿನಿಂದ ಒಂದು ಬೆಲ್ಲು ಬರುತ್ತದೆ, ಮುಂದಿನದಕ್ಕೆ ಹೋಗುತ್ತೇನೆ. ಅವಸರದಲ್ಲಿ ಏನಾದರೂ ಹಾರಿಸಿದರೆ ಎರಡು; ಹಿಂದಕ್ಕೆ ಬರುತ್ತೇನೆ.

ಇದನ್ನೆಲ್ಲ ಬರೆಯುತ್ತ, ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ಚಪ್ಪಲಿಯ ಚಿತ್ರದಲ್ಲಿ ನನ್ನ ಮುಖ ಹೇಗಿತ್ತು ಅನ್ನುವುದನ್ನು ಇನ್ನೊಂದಿಷ್ಟು ವಿವರವಾಗಿ ಹೇಳೋಣ ಅಂತಿದ್ದೆ. ಒಳಗಿನಿಂದ ಬಂತು: ಟಣ್, ಟಣ್, ಟಣ್.

ನಾಲ್ಕನೆಯದೊಂದು ಬಂದರೆ ಅರ್ಥವಾಗಲಿಲ್ಲ ಅಂತ ಹಾಗೇ ಬರೆಯುತ್ತ ಕೂರಬಹುದು. ಲೇಖನಿ ಎತ್ತಿ ಹಿಡಿದು ಕಾದೆ.

ಬರಲಿಲ್ಲ.